ಗಂಡಸರು ಬಿಟ್ಟುಹೋದ ಸ್ಟೇಡಿಯಂ

ಗಂಡಸರು ಹೋಗುವಾಗ ಬಲ್ಬುಗಳನ್ನೂ ಬಿಚ್ಚಿಕೊಂಡು ಹೋಗಿದ್ದರು. ಬಲ್ಬು ಹೋಗಲಿ, ಹೋಲ್ಡರುಗಳೂ ಇರಲಿಲ್ಲ. ಡ್ರೆಸಿಂಗ್ ರೂಮಿನ ಛಾವಣಿಯಿಂದ ಬರೀ ವೈರುಗಳು ನೇತಾಡುತ್ತಿದ್ದವು. ಬಟ್ಟೆ ತೂಗುಹಾಕುವ ಗೂಟಗಳನ್ನು ಕಿತ್ತ ಕಡೆ ಗಾರೆ ಉದುರಿ ತೂತು ಬಿದ್ದಿತ್ತು. ಕನ್ನಡಿ ಇದ್ದಲ್ಲಿ ಕನ್ನಡಿಯಗಲದ ಬಿಳಿ ಗೋಡೆ ಉಳಿದಿತ್ತು. ಕಕ್ಕಸುಗಳಿಗೆ ಬಾಗಿಲಿರಲಿಲ್ಲ. ಒಂದು ಗೋಡೆಯುದ್ದಕ್ಕೂ ಗಂಡಸರು ನಿಂತು ಉಚ್ಚೆ ಹೊಯ್ಯುವ ಬೇಸಿನ್ನುಗಳು. ಅವನ್ನು ಮಾತ್ರ ಯಾರೂ ಕಿತ್ತುಕೊಂಡು ಹೋಗಿರಲಿಲ್ಲ.

"ಇದನ್ನ ನಮಗೆ ಅಂತಾನೇ ಬಿಟ್ಟು ಹೋಗಿದಾರೆ ನೋಡ್ರೇ. ಎಂಥಾ ದೊಡ್ಡ ಮನಸ್ಸು!" ಎಂದಳು ಗಿಣಿ. "ಮಣ್ಣು ತುಂಬಿ ಹೂವಿನ ಗಿಡ ಹಾಕೋಣ."

ಹುಡುಗಿಯರೆಲ್ಲ ನಕ್ಕರು. ಖಾಲಿ ರೂಮಿನಲ್ಲಿ ಆ ನಗು ಎರಡು ಪಟ್ಟಾಗಿ ಕೇಳಿಸಿತು. ಮೂಟೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆವತ್ತು ಅವಳಿಗೆ ಯಾರ ಮೇಲೂ ಸಿಟ್ಟು ಬರುವ ಹಾಗಿರಲಿಲ್ಲ.

ಊರಿನ ಗಂಡಸರ ಫುಟ್‌ಬಾಲ್ ತಂಡಕ್ಕೆ ಊರಾಚೆ ಹೊಸ ಸ್ಟೇಡಿಯಂ ಆಗಿತ್ತು. ಹಳೆಯದನ್ನು ಅದೇ ಕ್ಲಬ್ಬಿನ ಹೆಂಗಸರ ತಂಡಕ್ಕೆ ಕೊಟ್ಟಿದ್ದರು. ಕ್ಲಬ್ಬಿನವರು ಪೇಪರಿನಲ್ಲಿ ಅದನ್ನು ಉಡುಗೊರೆ ಎಂದು ಹಾಕಿಸಿದ್ದರು. ತಾವು ಉಟ್ಟು ಹರಿದದ್ದನ್ನು ಕೆಲಸದವಳಿಗೆ ಕೊಟ್ಟು ಉಡುಗೊರೆ ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಆದರೂ ಇವರಿಗೆ ಅದು ಅರಮನೆಯೇ. ಅಲ್ಲಿಯವರೆಗೆ ಇವರು ಆಡುತ್ತಿದ್ದದ್ದು ಬಸ್ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ. ಬಸ್ಸು ರಿವರ್ಸ್ ಬಂದರೆ ಆಟ ನಿಲ್ಲಿಸಿ ಪಕ್ಕಕ್ಕೆ ಸರಿಯಬೇಕು. ಬಿದ್ದರೆ ಮೊಣಕಾಲಿನ ಗಾಯಕ್ಕೆ ಆಯಿಲ್ ಮೆತ್ತಿಕೊಳ್ಳುತ್ತಿತ್ತು. ಬಟ್ಟೆ ಬದಲಾಯಿಸುವುದು ಕೆಟ್ಟುನಿಂತ ಬಸ್ಸಿನೊಳಗೆ, ಇಬ್ಬರು ಕಿಟಕಿಗೆ ಟವೆಲ್ ಅಡ್ಡ ಹಿಡಿದು.

ಮೂಟೆ ಈ ತಂಡದ ಗೋಲ್‌ಕೀಪರ್. ಕ್ಯಾಪ್ಟನ್ನೂ ಅವಳೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಒದ್ದೆ ಬೆಡ್‌ಶೀಟಿನ ರಾಶಿಯನ್ನು ಮೆಷಿನ್ನಿನಿಂದ ಎಳೆದೆಳೆದು ಗಾಡಿಗೆ ತುಂಬಿ ಅವಳ ತೋಳುಗಳು ಗಟ್ಟಿಯಾಗಿದ್ದವು. ಆದರೆ ಕೈ ಪಳಗಿದ್ದು ಲಾಂಡ್ರಿಯಲ್ಲಲ್ಲ, ಇದೇ ಸ್ಟೇಡಿಯಂನಲ್ಲಿ. ಅವಳ ಅಮ್ಮ ಇಲ್ಲಿ ಗುಡಿಸುವವಳು. ಪಂದ್ಯ ಮುಗಿದ ಮೇಲೆ ಗುಡಿಸುವ ಹೆಂಗಸರು ಗ್ಯಾಲರಿಯ ಮೇಲಿನ ಮೆಟ್ಟಿಲಿನಿಂದ ಶುರು ಮಾಡಿ ಕಸವನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅಲ್ಲಿಂದಲೇ ಕೆಳಗೆ ಎಸೆಯುತ್ತಿದ್ದರು. ಹೊತ್ತು ಇಳಿಸಲು ಯಾರಿಗೆ ಸೊಂಟ ಇದೆ? ಕೆಳಗೆ ಒಬ್ಬರು ನಿಂತು ಹಿಡಿಯಬೇಕು. ಹಿಡಿತ ತಪ್ಪಿದರೆ ಚೀಲ ಒಡೆದು, ಗುಡಿಸಿದ್ದನ್ನೇ ಮತ್ತೆ ಗುಡಿಸುವ ಗತಿ. ಸ್ಕೂಲು ಮುಗಿಸಿ ಬಂದ ಮೂಟೆ ಕೆಳಗೆ ನಿಲ್ಲುತ್ತಿದ್ದಳು. ಮೇಲಿನಿಂದ "ಬಂತೇ!" ಎಂದು ಕೂಗಿದರೆ ಕಣ್ಣು ಮೇಲಕ್ಕೆ, ಕೈ ಮುಂದಕ್ಕೆ. ಎಡಕ್ಕೆ ಬಂದರೂ ಹಿಡಿಯುತ್ತಿದ್ದಳು, ಬಲಕ್ಕೆ ಬಂದರೂ ಹಿಡಿಯುತ್ತಿದ್ದಳು. ಒಂದು ಸಲ ಒಡೆದ ಬಾಟಲಿಯ ಚೂರು ಚೀಲ ತೂರಿ ಬಂದು ಮುಂಗೈ ಸೀಳಿತು. ಆಗಲೂ ಬಿಡಲಿಲ್ಲ. ಆವತ್ತಿನಿಂದ ಹೆಂಗಸರು ಅವಳನ್ನು ಮೂಟೆ ಎಂದು ಕರೆದರು. ದಪ್ಪಗಿದ್ದಾಳೆ ಎಂದು ಹಾಗೆ ಕರೆಯುತ್ತಾರೆ ಅಂದುಕೊಂಡವರನ್ನು ಅವಳು ತಿದ್ದಲು ಹೋಗಲಿಲ್ಲ. ದಪ್ಪಗೂ ಇದ್ದಳು.

ತಂಡದ ಅರ್ಧ ಹುಡುಗಿಯರು ಹೀಗೇ, ಗುಡಿಸುವವರ ಮನೆಯಿಂದ ಬಂದವರು. ಗಿಣಿಯ ಅಮ್ಮನೂ ಇಲ್ಲೇ ಗುಡಿಸುತ್ತಿದ್ದಳು. ತಪ್ಪು ಆದದ್ದೂ ಅದರಿಂದಲೇ.

ಸ್ಟೇಡಿಯಂ ಕೈಬದಲಾಗುವ ತನಕ ಬರಬೇಡಿ, ಆಮೇಲೆ ಹೇಳಿಕಳಿಸುತ್ತೇವೆ ಎಂದು ಗುಡಿಸುವವರಿಗೆ ಹೇಳಿದ್ದರು. ಹಾಗಾಗಿ ಗಂಡಸರ ಕೊನೆಯ ಪಂದ್ಯದ ಕಸ ಬಿದ್ದಲ್ಲೇ ಬಿದ್ದಿತ್ತು. ಗ್ಯಾಲರಿಯ ಮೆಟ್ಟಿಲು ಮೆಟ್ಟಿಲಿಗೂ ಬಾಟಲಿ, ಪೇಪರು, ಕೊಳೆತ ಹಣ್ಣಿನ ಸಿಪ್ಪೆ, ಉಗುಳು, ವಾಂತಿ. ಬೇರೆ ಯಾವ ತಂಡದವರಾದರೂ ಮೂಗು ಮುಚ್ಚಿಕೊಂಡು ಕ್ಲಬ್ಬಿಗೆ ಫೋನ್ ಮಾಡುತ್ತಿದ್ದರು. ಇವರು ಅಂಗಿಯ ತೋಳು ಮೇಲಕ್ಕೆ ಮಡಿಸಿದರು. ಯಾರು ಮೊದಲು ಪೊರಕೆ ಎತ್ತಿಕೊಂಡರೋ ಯಾರಿಗೂ ನೆನಪಿಲ್ಲ. ಗಿಣಿ ಮೇಲೆ ಹತ್ತಿದಳು. ಮೂಟೆ ಕೆಳಗೆ ನಿಂತಳು. ಚೀಲಗಳು ಬಂದವು. ಬೇಕೆಂದೇ ದೂರ ದೂರ ಎಸೆದಳು ಗಿಣಿ. ಮೂಟೆ ಹಾರಿ ಹಾರಿ ಹಿಡಿದಳು. ಒಂದೊಂದು ಹಿಡಿದಾಗಲೂ ಉಳಿದವರು ಗೋಲು ತಡೆದಂತೆ ಕಿರುಚಿದರು. ಸಂಜೆಯ ಹೊತ್ತಿಗೆ ಇಡೀ ಸ್ಟೇಡಿಯಂ ತೊಳೆದಿಟ್ಟ ಪಾತ್ರೆಯ ಹಾಗೆ ಫಳಫಳ ಎನ್ನುತ್ತಿತ್ತು. ಇಷ್ಟು ಖುಷಿಯಿಂದ ಅವರು ಯಾವತ್ತೂ ಗುಡಿಸಿರಲಿಲ್ಲ, ಏಕೆಂದರೆ ಆವತ್ತು ಅದು ಅವರದು.

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಬಂದರು. ಜೊತೆಗೆ ಫೋಟೋಗ್ರಾಫರ್. ಗೇಟಿನ ಬಳಿ ನಿಂತು ಗ್ಯಾಲರಿಯನ್ನೆಲ್ಲ ನೋಡಿದರು.

"ಭೇಷ್" ಎಂದರು. "ಯಾರು ಹೇಳಿದ್ದು ನಿಮಗೆ ಮಾಡಿ ಅಂತ?"

"ಯಾರೂ ಹೇಳಿಲ್ಲ ಸಾರ್. ನಾವೇ" ಎಂದಳು ಮೂಟೆ. ಹೆಮ್ಮೆಯಿಂದಲೇ ಹೇಳಿದಳು. ಆ ಮಾತನ್ನು ನೆನೆಸಿಕೊಂಡರೆ ಇವತ್ತಿಗೂ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಫೋಟೋಗ್ರಾಫರ್ ಕೇಳಿದನೆಂದು ಗಿಣಿ ಮೇಲೆ ಹತ್ತಿ ಒಂದು ಚೀಲವನ್ನು ಮತ್ತೆ ಎಸೆದಿದ್ದಳು. ಮರುದಿನದ ಪೇಪರಿನಲ್ಲಿ ಮೂಟೆಯ ಫೋಟೋ ಬಂತು. ಗಾಳಿಯಲ್ಲಿ ಅಡ್ಡಡ್ಡ ಹಾರಿ, ಎರಡೂ ಕೈಯಲ್ಲಿ ಕಸದ ಚೀಲ ತಬ್ಬಿಕೊಂಡಿದ್ದಳು. ತಮ್ಮ ಮನೆಯನ್ನು ತಾವೇ ಬೆಳಗಿದ ಹೆಣ್ಣುಮಕ್ಕಳು ಎಂದು ಕೆಳಗೆ ಬರೆದಿತ್ತು. ಲಾಂಡ್ರಿಯಲ್ಲಿ ಎಲ್ಲರೂ ಆ ಪುಟವನ್ನು ಕೈಯಿಂದ ಕೈಗೆ ದಾಟಿಸಿದರು. ಅಮ್ಮ ನೋಡಲಿ ಎಂದು ಮೂಟೆ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಓಡಿದಳು.

ಅಮ್ಮ ಹೊಸಿಲ ಮೇಲೆ ಕೂತಿದ್ದಳು. ಈ ಹೊತ್ತಿನಲ್ಲಿ ಅವಳು ಮನೆಯಲ್ಲಿ ಕೂರುವವಳೇ ಅಲ್ಲ.

"ಗೇಟಿನಿಂದಲೇ ವಾಪಸ್ ಕಳಿಸಿದ್ರು" ಎಂದಳು. "ಎಲ್ಲರನ್ನೂ. ಕೆಲಸ ಇಲ್ಲವಂತೆ. ಆಡೋ ಹುಡುಗೀರೇ ಗುಡಿಸ್ಕೋತಾರಂತೆ, ನಮ್ಮನ್ಯಾಕೆ ಇಟ್ಕೋಬೇಕಂತೆ. ವಾಚ್‌ಮನ್ ಪೇಪರ್ ತೋರಿಸಿ ಹೇಳಿದ."

ಮೂಟೆಯ ಜೇಬಿನೊಳಗಿನ ಪೇಪರು ಮೈ ಸುಡುತ್ತಿತ್ತು.

"ಯಾರೇ ನಿನಗೆ ಹೇಳಿದ್ದು ಗುಡಿಸು ಅಂತ?"

"ಗಲೀಜಾಗಿತ್ತಮ್ಮ."

"ಗಲೀಜಿದ್ರೇನೇ ನನಗೆ ಅನ್ನ! ಇಷ್ಟು ವರ್ಷ ಏನ್ ತಿಂದು ಬೆಳೆದೆ ಅನ್ಕೊಂಡಿದೀಯ?"

"ಅವರು ಹೀಗೆ ಮಾಡ್ತಾರೆ ಅಂತ ನನಗೇನ್ ಗೊತ್ತಿತ್ತು?"

"ಗೊತ್ತಿರಬೇಕು! ನನ್ನ ಹೊಟ್ಟೇಲಿ ಹುಟ್ಟಿದ ಮೇಲೆ ಗೊತ್ತಿರಬೇಕು. ಅವರ ಮುಂದೆ ಒಂದು ಸಲ ಬಿಟ್ಟಿ ಬಗ್ಗಿದ್ರೆ ಮುಗೀತು, ಬೆನ್ನಿನ ಮೇಲೆ ಕೂತೇಬಿಡ್ತಾರೆ. ಇಳಿಯೋ ಜನ ಅಲ್ಲ ಅವರು."

ಅಮ್ಮ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಊಟ ಬಡಿಸಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಮಗಳ ಜೊತೆ ಮಾತು ಬಿಟ್ಟಳು. ಉಪ್ಪು ಕೇಳಿದರೆ ಉಪ್ಪಿನ ಡಬ್ಬಿ ತಳ್ಳುವಳು, ನೀರು ಕೇಳಿದರೆ ಲೋಟ ಕುಕ್ಕುವಳು. ಬಾಯಿ ಮಾತ್ರ ಬಿಡಳು. ಇರುವುದು ಒಂದೇ ಕೋಣೆ. ಒಂದೇ ಕೋಣೆಯಲ್ಲಿ ಮಾತಾಡದೆ ಇರುವ ತಾಯಿಯ ಜೊತೆ ಬದುಕುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಮೂಟೆ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಬೀದಿಯ ಈ ತುದಿಯಿಂದ ಆ ತುದಿಗೆ ತಿರುಗಿದಳು. ಲಾಂಡ್ರಿಯಲ್ಲಿ ರಕ್ತದ ಕಲೆಯ ಶೀಟುಗಳನ್ನು ಬಿಳಿ ಶೀಟುಗಳ ಜೊತೆ ಹಾಕಿ ಬೈಸಿಕೊಂಡಳು.

ಕೊನೆಗೆ ಕಾರ್ಯದರ್ಶಿಯ ಆಫೀಸಿಗೆ ಹೋದಳು.

ಅವರು ಟೀ ಕುಡಿಯುತ್ತಿದ್ದರು. ಕೂರು ಎನ್ನಲಿಲ್ಲ. ಬೈಯಲೂ ಇಲ್ಲ. ತಂಡದ ಪ್ರಾಕ್ಟೀಸು ಹೇಗೆ ನಡೆದಿದೆ ಎಂದು ಮನೆಯ ಹಿರಿಯರಂತೆ ವಿಚಾರಿಸಿದರು. ಬೈಯುವವರ ಜೊತೆ ಜಗಳ ಆಡಬಹುದು. ಇಂಥವರ ಮುಂದೆ ನಾಲಿಗೆ ಏಳುವುದಿಲ್ಲ.

"ಸಾರ್, ನಮ್ಮಮ್ಮಂದಿರ ಕೆಲಸ…" ಎಂದಳು.

"ನೋಡಮ್ಮಾ, ಆ ಸ್ಟೇಡಿಯಂ ಈಗ ಯಾರ್ದು?"

"ನಮ್ದು ಸಾರ್."

"ನಿಮ್ಮ ಮನೆ ನೀವು ಗುಡಿಸ್ಕೊಳ್ಳಲ್ವಾ? ಅದಕ್ಕೂ ಆಳು ಇಡ್ತೀರಾ?"

"ಗಂಡಸರು ಅಲ್ಲಿದ್ದಾಗ ಅವರೇನು ಗುಡಿಸ್ಕೊಳ್ತಿದ್ರಾ ಸಾರ್?"

ಕಾರ್ಯದರ್ಶಿ ನಕ್ಕರು. "ಅವರ ವಿಷಯ ಬೇರೆ. ಅವರು ಆಟಗಾರರು."

"ನಾವು?"

"ನೀವೂ ಆಟಗಾರರೇ, ಯಾರು ಇಲ್ಲ ಅಂದ್ರು? ಹೆಣ್ಣುಮಕ್ಕಳು ಇದ್ರೆ ಜಾಗಕ್ಕೊಂದು ಲಕ್ಷಣ ಬರುತ್ತೆ, ಅದನ್ನ ಹೇಳಿದೆ."

ಮಾತಾಡುತ್ತಾ ಕೈ ಬೀಸಿದಾಗ ಲೋಟ ಉರುಳಿತು. ಟೀ ಮೇಜಿನ ಮೇಲೆಲ್ಲ ಹರಡಿ ಅಂಚಿಗೆ ಬಂತು. ಮೂಟೆಯ ಕೈ ತಾನಾಗಿಯೇ ಮುಂದೆ ಹೋಯಿತು. ಕುತ್ತಿಗೆಯಲ್ಲಿದ್ದ ಟವೆಲ್ ತೆಗೆದು ಒರೆಸಿದಳು, ಮೂಲೆಯವರೆಗೆ, ಚೊಕ್ಕಟವಾಗಿ. ಒರೆಸಿ ಮುಗಿದ ಮೇಲೆ ತಾನೇನು ಮಾಡಿದೆ ಎಂದು ಅವಳಿಗೆ ಗೊತ್ತಾಯಿತು. ಕಾರ್ಯದರ್ಶಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಗಾಳಿ ಬೀಸಿ ಬಾಗಿಲು ಮುಚ್ಚಿಕೊಂಡರೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಆ ಕೈಯನ್ನು ಕಡಿದು ಎಸೆಯಬೇಕು ಎನ್ನಿಸಿತು ಅವಳಿಗೆ.

ಆಮೇಲಿನ ದಿನಗಳಲ್ಲಿ ಗುಡಿಸುವುದು ಮೊದಲು, ಆಟ ಆಮೇಲೆ ಎಂದಾಯಿತು. ವಾಚ್‌ಮನ್ ಬಂದು ನೋಡಿ ಸೈ ಎಂದ ಮೇಲೇ ಚೆಂಡಿನ ಕೋಣೆಯ ಬೀಗ ತೆಗೆಯುವುದು. ಮೂಟೆ ಲಾಂಡ್ರಿಯಿಂದ ಬಂದವಳೇ ಬಕೆಟ್ ಹಿಡಿಯುತ್ತಿದ್ದಳು. ಗಂಡಸರು ವರ್ಷಗಟ್ಟಲೆ ಹೊಯ್ದು ಹಳದಿ ಕಟ್ಟಿದ ಬೇಸಿನ್ನುಗಳನ್ನು ಆ್ಯಸಿಡ್ ಹಾಕಿ ಉಜ್ಜಿದರು. ಕಣ್ಣು ಉರಿಯಿತು. ಸೀಟುಗಳ ಅಡಿಗೆ ಅಂಟಿಸಿದ್ದ ಚ್ಯೂಯಿಂಗ್ ಗಮ್ಮನ್ನು ಬ್ಲೇಡಿನಿಂದ ಕೆರೆದರು. ಉಗುರಿನ ಸಂದಿ ಒಡೆಯಿತು. ಆ ಕೈಗೆ ಗ್ಲೌಸ್ ಹಾಕಿ ಗೋಲಿನಲ್ಲಿ ನಿಂತರೆ ಚೆಂಡು ತಾಗಿದಾಗೆಲ್ಲ ಪ್ರಾಣ ಹೋದ ಹಾಗಾಗುತ್ತಿತ್ತು. ಸೊಂಟ ಬಿದ್ದ ಹುಡುಗಿಯರು ಓಡುವ ಹೊತ್ತಿಗೆ ಏದುಸಿರು ಬಿಡುತ್ತಿದ್ದರು. ಒಬ್ಬರ ಮೇಲೊಬ್ಬರು ರೇಗಿದರು. ಬಕೆಟ್ಟಿನ ವಿಷಯಕ್ಕೆ ಇಬ್ಬರು ಜುಟ್ಟು ಹಿಡಿದು ಹೊಡೆದಾಡಿದರು.

"ನಿನ್ನಿಂದಲೇ ಆಗಿದ್ದು" ಎಂದಳು ಗಿಣಿ ಒಂದು ದಿನ. ತಮಾಷೆಗೆ ಹೇಳಲಿಲ್ಲ. "ನಾವೇ ಸಾರ್ ಅಂತ ಹಲ್ಲು ಕಿರಿದೆಯಲ್ಲ. ನಮ್ಮಮ್ಮ ಈಗ ಮೂರನೇ ಮನೆ ಪಾತ್ರೆ ಹಿಡಿದಿದಾಳೆ. ಸೋಪಿನ ನೀರಿಗೆ ಕೈಯೆಲ್ಲ ಬಿರುಕು ಬಿಟ್ಟಿದೆ."

ಮೂಟೆ ಬಕೆಟ್ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು. ಅವಳೂ ಅದನ್ನೇ ಅಂದುಕೊಳ್ಳುತ್ತಿದ್ದಳು.

ಕೋಚ್ ಒಬ್ಬ ಸ್ಕೂಲ್ ಟೀಚರ್. ಎಲ್ಲರೂ ಟೀಚರ್ ಎಂದೇ ಕರೆಯುವುದು. ಒಳ್ಳೆಯ ಹೆಂಗಸು, ಆದರೆ ಹೆದರುಪುಕ್ಕಿ. "ಉದ್ಘಾಟನೆ ಮುಗೀಲಿ ತಾಳ್ರೇ" ಎನ್ನುವರು ಸಣ್ಣ ದನಿಯಲ್ಲಿ. "ಈಗ ಗಲಾಟೆ ಮಾಡಿದ್ರೆ ಮತ್ತೆ ಬಸ್ ಡಿಪೋನೇ ಗತಿ. ಆಡೋಕೆ ಜಾಗ ಸಿಕ್ಕಿರೋದೇ ಹೆಚ್ಚು."

"ಜಾಗ ಸಿಕ್ಕಿರೋದು ಆಡೋಕೋ ಗುಡಿಸೋಕೋ ಟೀಚರ್?" ಎಂದು ಮೂಟೆ ಕೇಳಿದ್ದಕ್ಕೆ ಅವರು ಕತ್ತಿನಲ್ಲಿದ್ದ ವಿಷಲ್ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

ಉದ್ಘಾಟನೆಯ ದಿನ ಬಂತು. ಬೇರೆ ಊರಿನ ಹೆಂಗಸರ ತಂಡ ಆಡಲು ಬರುವುದಿತ್ತು. ಸಂಜೆ ಮಂತ್ರಿಗಳು ಬಂದು ಚೆಂಡು ಒದ್ದು ಆಟ ಶುರು ಮಾಡುವುದು ಎಂದಿತ್ತು. ಹುಡುಗಿಯರು ಹಿಂದಿನ ದಿನವೇ ಎಲ್ಲವನ್ನೂ ಗುಡಿಸಿ, ಒರೆಸಿ, ನೀರು ಹೊಡೆದು ಹೋಗಿದ್ದರು. ಬೆಳಿಗ್ಗೆ ಬಂದರೆ ಒಳಗೆ ಗದ್ದಲ. ಗಂಡಸರ ತಂಡದ ಹಳೇ ಆಟಗಾರರಿಗೆ ಬೀಳ್ಕೊಡುಗೆಯ ಪಂದ್ಯವಂತೆ. ಯಾರೂ ಇವರಿಗೆ ಹೇಳಿರಲಿಲ್ಲ. ಹೊಟ್ಟೆ ಬಂದ ಗಂಡಸರು ನೀರು ಹೊಡೆದ ಹುಲ್ಲಿನ ಮೇಲೆ ಜಾರಿ ಬಿದ್ದು ನಗುತ್ತಿದ್ದರು. ಅವರ ನೆಂಟರು, ಅವರ ಅಭಿಮಾನಿಗಳು ನೆರಳಿನ ಗ್ಯಾಲರಿ ತುಂಬ ಕೂತು ತಿಂದರು, ಕುಡಿದರು, ಉಗಿದರು. ಇವರು ಬ್ಯಾಗ್ ಹಿಡಿದುಕೊಂಡು ಗೇಟಿನ ಹತ್ತಿರ ಬಿಸಿಲಿನಲ್ಲಿ ನಿಂತರು.

ಆ ಪಂದ್ಯ ಮುಗಿದು ಜನ ಖಾಲಿಯಾದಾಗ ನೆರಳಿನ ಗ್ಯಾಲರಿ ಮೊದಲ ದಿನ ಹೇಗಿತ್ತೋ ಹಾಗೇ ಆಗಿತ್ತು. ಮಂತ್ರಿಗಳು ಕೂರುವ ಮುಂದಿನ ಸಾಲಿನಲ್ಲಿ ಯಾರೋ ಕಕ್ಕಿದ್ದರು.

ಹುಡುಗಿಯರು ಜೆರ್ಸಿ ಹಾಕಿಕೊಂಡು ಮೈದಾನಕ್ಕೆ ಇಳಿದಿದ್ದರು. ಮೊದಲ ಸಲ ಹೊಸ ಜೆರ್ಸಿ, ಬೆನ್ನ ಮೇಲೆ ನಂಬರು. ಕಾರ್ಯದರ್ಶಿ ಬಿರಬಿರನೆ ಬಂದರು. ಹಿಂದೆ ವಾಚ್‌ಮನ್, ಅವನ ಕಂಕುಳಲ್ಲಿ ಪೊರಕೆಗಳ ಕಟ್ಟು.

"ಬೇಗ ಬೇಗ ಒಂದು ಕೈ ನೋಡ್ಬಿಡ್ರಮ್ಮ. ಜೆರ್ಸಿ ಮೇಲೆ ಏನಾದ್ರೂ ಹಾಕ್ಕೊಳ್ಳಿ, ಕೊಳೆ ಆಗುತ್ತೆ. ಫೋಟೋ ಇದೆ ಆಮೇಲೆ."

ವಾಚ್‌ಮನ್ ಪೊರಕೆಗಳನ್ನು ಹುಲ್ಲಿನ ಮೇಲೆ ಹಾಕಿದ. ಎಲ್ಲರೂ ಮೂಟೆಯ ಮುಖ ನೋಡಿದರು. ಆಚೆ ಬದಿಯಲ್ಲಿ ಬೇರೆ ಊರಿನ ಹುಡುಗಿಯರು ಮೈ ಬಿಸಿ ಮಾಡಿಕೊಳ್ಳುತ್ತಿದ್ದವರು ನಿಂತು ಇತ್ತ ನೋಡಿದರು. ಮೂಟೆಯ ಕಿವಿ ಬಿಸಿಯಾಯಿತು. ಕೈಗಳು ಮುಂದೆ ಹೋಗದ ಹಾಗೆ ಅವಳು ಅವನ್ನು ಕಂಕುಳಲ್ಲಿ ಅದುಮಿ ಹಿಡಿದಳು.

"ಇಲ್ಲ" ಎಂದಳು.

"ಏನಿಲ್ಲ?"

"ಗುಡಿಸಲ್ಲ."

"ಇದೇನಮ್ಮ, ಇಷ್ಟು ದಿನ ಮಾಡಿದೀರಿ…"

"ಇಷ್ಟು ದಿನ ಮಾಡಿದ್ದು ನಮ್ಮ ಕತ್ತೆತನ. ನಾವು ಆಡೋಕೆ ಬಂದಿದೀವಿ. ಆ ಗಂಡಸರು ಕಕ್ಕಿದ್ದನ್ನ ಬಾಚೋಕಲ್ಲ. ಅವರನ್ನೇ ವಾಪಸ್ ಕರೆಸಿ, ಬಾಚಲಿ."

ಕಾರ್ಯದರ್ಶಿಯ ಮುಖದ ಹಿರಿಯರ ಕಳೆ ಉದುರಿಹೋಯಿತು. "ಗುಡಿಸದಿದ್ರೆ ಆಟಾನೂ ಇಲ್ಲ. ಇವತ್ತೇ ಬೀಗ ಹಾಕಿಸ್ತೀನಿ. ಎಲ್ಲಿಂದ ಬಂದಿದೀರೋ ಅಲ್ಲಿಗೇ ಹೋಗಿ, ಬಸ್ಸಿನ ಹಿಂದೆ ಒದ್ಕೊಳ್ಳಿ."

"ಹಾಕಿಸಿ ಸಾರ್" ಎಂದಳು ಗಿಣಿ. "ಮಂತ್ರಿಗಳು ಬಂದು ಬೀಗಕ್ಕೇ ಒದೀಲಿ."

ಮೂಟೆ ಮೈದಾನದ ನಡುವೆ ಹೋಗಿ ಕೂತಳು. ಗಿಣಿ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಟೀಚರ್ ಮಾತ್ರ ಕಾರ್ಯದರ್ಶಿಯ ಪಕ್ಕ ನಿಂತಿದ್ದರು. ಕಾರ್ಯದರ್ಶಿ, "ಟೀಚರ್, ಹೇಳ್ರೀ ಇವರಿಗೆ!" ಎಂದು ಗದರಿದರು. ಟೀಚರ್ ಅವರನ್ನು ನೋಡಿದರು, ಹುಡುಗಿಯರನ್ನು ನೋಡಿದರು. ಆಮೇಲೆ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ನಡೆದು ಬಂದು ಮೂಟೆಯ ಪಕ್ಕ ಕುಸಿದು ಕೂತರು. "ನನ್ನ ಮೊಣಕಾಲು ನೋವು ಕಣ್ರೇ, ನಿಂತಿರೋಕಾಗಲ್ಲ" ಎಂದರು. ಹೆದರುಪುಕ್ಕಿಗೆ ಆವತ್ತು ಅಷ್ಟಾದರೂ ಧೈರ್ಯ ಬಂತು.

ಕಾರ್ಯದರ್ಶಿ ಬೆವರು ಒರೆಸಿಕೊಂಡರು. ವಾಚ್‌ಮನ್ ಕಿವಿಯಲ್ಲಿ ಏನೋ ಹೇಳಿದರು. ಅವನು ಓಡಿದ.

ಅವನು ಎಲ್ಲಿಗೆ ಓಡಿದ ಎಂದು ಅವನು ಮರಳಿ ಬಂದಾಗಲೇ ಮೂಟೆಗೆ ಗೊತ್ತಾಗಿದ್ದು. ಅವನ ಹಿಂದೆ ಗುಡಿಸುವ ಹೆಂಗಸರು ಬರುತ್ತಿದ್ದರು. ಗಿಣಿಯ ಅಮ್ಮ. ಇನ್ನಿಬ್ಬರು ಹುಡುಗಿಯರ ಅಮ್ಮಂದಿರು. ಎಲ್ಲರಿಗಿಂತ ಮುಂದೆ ಮೂಟೆಯ ಅಮ್ಮ.

ಕಾರ್ಯದರ್ಶಿ ಪೊರಕೆ ಕೊಟ್ಟರೆ ಅಮ್ಮ ಬೇಡ ಎನ್ನುವುದು ಹೇಗೆ? ಕೆಲಸ ಹೋದ ಮೇಲೆ ಅವಳು ಊರಿನ ಎಷ್ಟು ಬಾಗಿಲು ತಟ್ಟಿದ್ದಾಳೋ. ಈ ವಯಸ್ಸಿಗೆ ಯಾರೂ ಇಟ್ಟುಕೊಳ್ಳಲಿಲ್ಲ. ಗುಡಿಸಿದರೆ ಅದು ಅವಳ ಹೊಟ್ಟೆಪಾಡು, ತಪ್ಪು ಎನ್ನುವ ಬಾಯಿ ತನಗಿಲ್ಲ. ಆದರೆ ಅಮ್ಮ ಗುಡಿಸಿದರೆ ಇಲ್ಲಿ ಕೂತಿದ್ದಕ್ಕೆ ಅರ್ಥವೂ ಇಲ್ಲ. ನಾಳೆಯಿಂದ ಮತ್ತೆ ಬಕೆಟ್ಟು, ಮತ್ತೆ ಆ್ಯಸಿಡ್ಡು. ಮೂಟೆ ಎದ್ದು ಅಂಚಿನ ಗೆರೆಯವರೆಗೆ ಓಡಿದಳು.

"ಅಮ್ಮಾ, ಬೇಡ."

ಅಮ್ಮ ನಿಂತಳು. ಅಷ್ಟು ದಿನಗಳ ಮೇಲೆ ಮೊದಲ ಸಲ ಮಗಳ ಮುಖ ನೋಡಿದಳು. ಆಮೇಲೆ ಜೆರ್ಸಿ ನೋಡಿದಳು. ಕಾರ್ಯದರ್ಶಿಯ ಕಡೆ ತಿರುಗಿದಳು.

"ಕರೆಸಿದ್ರಂತೆ."

"ಬಾಮ್ಮ ಬಾ. ನೀವು ಹಳಬರು, ನಿಮಗೆ ಹೇಳ್ಕೊಡಬೇಕಾ? ಮುಂದಿನ ಸಾಲು ಮೊದಲು ಮಾಡಿ. ಇವತ್ತಿನ ಕೂಲಿ ಕೈಯಲ್ಲೇ ಕೊಡಿಸ್ತೀನಿ."

"ಇವತ್ತಿಗೆ ಮಾತ್ರಾನಾ?"

"ಈಗ ಇವತ್ತಿಂದು ನೋಡು. ನಾಳೆದು ನಾಳೆ."

ಅಮ್ಮ ಬಗ್ಗಿ ಪೊರಕೆ ಎತ್ತಿಕೊಂಡಳು. ಹಿಡಿಯನ್ನು ಅಂಗೈಗೆ ಕುಟ್ಟಿ ಕಡ್ಡಿ ಸಮ ಮಾಡಿದಳು. ಮೂಟೆ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಅಮ್ಮ ಆ ಪೊರಕೆಯನ್ನು ಕಾರ್ಯದರ್ಶಿಯ ಪಕ್ಕದ ಕಂಬಕ್ಕೆ ಒರಗಿಸಿ, ಗ್ಯಾಲರಿಯ ಮೆಟ್ಟಿಲು ಹತ್ತುತ್ತಿದ್ದಳು. ಉಳಿದ ಹೆಂಗಸರು ಅವಳ ಹಿಂದೆ. ಮುಂದಿನ ಸಾಲಿಗೆ ಹೋಗಿ, ವಾಂತಿ ಬಿದ್ದ ಸೀಟು ಬಿಟ್ಟು, ಮಂತ್ರಿಗಳಿಗೆ ಎಂದು ಟವೆಲ್ ಹೊದಿಸಿದ್ದ ಕುರ್ಚಿಯ ಮೇಲೆ ಕೂತಳು. ಕೂತು, ಬಗಲಿನ ಚೀಲದಿಂದ ಕಡಲೆಕಾಯಿಯ ಪೊಟ್ಟಣ ತೆಗೆದಳು. ಗೇಟಿನ ಹೊರಗೆ ಮಾರುತ್ತಿದ್ದವನ ಹತ್ತಿರ ಬರುವಾಗಲೇ ಕೊಂಡಿದ್ದಳು ಎಂದು ಮೂಟೆಗೆ ಆಗ ಹೊಳೆಯಿತು.

ಅಮ್ಮ ಒಂದು ಕಾಯಿ ಒಡೆದಳು. ಕಾಳು ಬಾಯಿಗೆ ಹಾಕಿಕೊಂಡಳು. ಸಿಪ್ಪೆಯನ್ನು ನೆಲಕ್ಕೆ ಬಿಟ್ಟಳು. ಜೀವಮಾನದಲ್ಲಿ ಒಂದು ಕಾಗದದ ಚೂರನ್ನೂ ಬೀದಿಗೆ ಹಾಕದ ಹೆಂಗಸು! ಪೊಟ್ಟಣ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಒಡೆದರು, ಎಲ್ಲರೂ ಸಿಪ್ಪೆ ಬೀಳಿಸಿದರು.

"ಏನ್ ಮಾಡ್ತಿದೀರ! ಏಳಿ ಅಲ್ಲಿಂದ!" ಕಾರ್ಯದರ್ಶಿಯ ದನಿ ಒಡೆಯಿತು.

"ಮ್ಯಾಚ್ ನೋಡೋಕೆ ಬಂದಿದೀವಿ" ಎಂದಳು ಗಿಣಿಯ ಅಮ್ಮ. "ಮಕ್ಕಳು ಆಡ್ತಾರಲ್ಲ."

"ಕೆಲಸ ಬೇಡ್ವಾ ನಿಮಗೆ?"

"ಬೇಕು" ಎಂದಳು ಮೂಟೆಯ ಅಮ್ಮ. "ಎಲ್ಲರಿಗೂ ಬೇಕು. ಮೊದಲು ಹೇಗಿತ್ತೋ ಹಾಗೆ. ಹುಡುಗೀರು ಆಡಲಿ, ನಾವು ಗುಡಿಸ್ತೀವಿ. ಕೊಡ್ತೀನಿ ಅನ್ನಿ, ಇಲ್ಲ ಅನ್ನಿ. ಆದ್ರೆ ಗಟ್ಟಿಯಾಗಿ ಅನ್ನಿ, ನನಗೆ ಕಿವಿ ಮಂದ."

ಅವಳ ಕಿವಿ ಚೆನ್ನಾಗಿಯೇ ಇತ್ತು. ಒಂದೇ ಕೋಣೆಯಲ್ಲಿ ಇದ್ದ ಮಗಳಿಗೆ ಗೊತ್ತಿಲ್ಲವೇ?

ಗೇಟಿನಾಚೆ ಸೈರನ್ ಕೇಳಿಸಿತು. ದೂರದಿಂದ, ಆಮೇಲೆ ಹತ್ತಿರದಿಂದ. ಫೋಟೋಗ್ರಾಫರ್ ಆಗಲೇ ಬಂದು ಕ್ಯಾಮೆರಾ ಹೊರತೆಗೆದಿದ್ದ. ಬೇರೆ ಊರಿನ ತಂಡದವರು ಅಂಚಿನ ಗೆರೆಗೆ ಬಂದು ಸಾಲಾಗಿ ನಿಂತಿದ್ದರು.

"ಆಯ್ತು! ಆಯ್ತು ಮಾರಾಯ್ತಿ!" ಎಂದು ಕೂಗಿದರು ಕಾರ್ಯದರ್ಶಿ. "ನಾಳೆಯಿಂದ ಬನ್ನಿ, ಎಲ್ಲರೂ ಬನ್ನಿ! ಈಗ ಎದ್ದು ಗುಡಿಸಿ!"

"ಕೇಳಿಸ್ಕೊಂಡ್ರಲ್ಲ ಎಲ್ಲರೂ?" ಅಮ್ಮ ಮೈದಾನದ ಕಡೆ ತಿರುಗಿ ಕೇಳಿದಳು.

"ಕೇಳಿಸ್ತು!" ಎಂದರು ಎರಡೂ ತಂಡದ ಹುಡುಗಿಯರು. ಟೀಚರ್ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

"ನಾಳೆಯಿಂದ ಅಂದ್ರಲ್ಲ ಸಾರ್, ನಾಳೆ ಬೆಳಿಗ್ಗೆ ಬರ್ತೀವಿ" ಎಂದು ಅಮ್ಮ ಮತ್ತೊಂದು ಕಾಯಿ ಒಡೆದಳು. "ಇವತ್ತು ರಜೆ."

ಕಾರ್ಯದರ್ಶಿ ವಾಚ್‌ಮನ್ ಕಡೆ ನೋಡಿದರು. ವಾಚ್‌ಮನ್ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದ. ಆಫೀಸಿನ ಹುಡುಗರ ಕಡೆ ನೋಡಿದರು. ಅವರೆಲ್ಲ ಫೋನು ಕಿವಿಗೆ ಹಚ್ಚಿಕೊಂಡು ಮಂತ್ರಿಗಳನ್ನು ಕರೆತರಲು ಗೇಟಿಗೆ ಓಡಿದರು. ಸೈರನ್ ಗೇಟಿನಲ್ಲೇ ಬಂದು ನಿಂತಿತು. ಕಾರ್ಯದರ್ಶಿ ಕಂಬಕ್ಕೆ ಒರಗಿಸಿದ್ದ ಪೊರಕೆ ಕಿತ್ತುಕೊಂಡು ಮೆಟ್ಟಿಲು ಹತ್ತಿದರು.

ಅವರಿಗೆ ಹಿಡಿಯಲು ಬರುತ್ತಿರಲಿಲ್ಲ. ಎರಡೂ ಕೈಯಲ್ಲಿ ದೊಣ್ಣೆಯ ಹಾಗೆ ಹಿಡಿದು ಬೀಸಿದರು. ಧೂಳೆಲ್ಲ ಅವರ ಪ್ಯಾಂಟಿಗೇ ಹಾರಿತು. "ಬಗ್ಗಬೇಕು ಸಾರ್" ಎಂದಳು ಗಿಣಿಯ ಅಮ್ಮ. ಅವರು ಬಗ್ಗಿದರು. ಬಾಟಲಿ ತಳ್ಳಿದರು, ಪೇಪರು ತಳ್ಳಿದರು, ತಳ್ಳಿದ್ದನ್ನೇ ಮತ್ತೆ ತಳ್ಳಿದರು. ಮೈದಾನದಲ್ಲಿ ಯಾರೂ ನಗಲಿಲ್ಲ. ಮೂಟೆ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಮುಂದಿನ ಸಾಲಿನ ಕಸ ತಳ್ಳಿಕೊಂಡು ಕಾರ್ಯದರ್ಶಿ ಅಮ್ಮನ ಕುರ್ಚಿಯವರೆಗೆ ಬಂದರು. ಅಲ್ಲಿ, ಸಿಪ್ಪೆಯ ರಾಶಿಯ ನಡುವೆ, ಸವೆದ ಚಪ್ಪಲಿಯ ಎರಡು ಕಾಲು. ಪೊರಕೆ ನಿಂತಿತು.

ಅಮ್ಮ ಕಾಳು ಅಗಿದು ನುಂಗಿದಳು. ಅವಸರ ಮಾಡಲಿಲ್ಲ.

"ಯಾಕೆ ಸಾರ್, ಕಾಲು ಎತ್ತಬೇಕಾ?" ಎಂದಳು. "ಬಾಯಿಬಿಟ್ಟು ಕೇಳಿ."